ವಿಷಯ ಸಂಖ್ಯೆ ನಾಲ್ಕು

ಇಪ್ಪತ್ತೆರಡು ವರ್ಷ ಈ ಥಾರ್ನ್‌ಬೆಕ್ ಪುರಸಭೆಗೆ
ನಡಾವಳಿ ಬರೆದವಳು ನಾನು, ಗ್ಲೆನಿಸ್.
ಚರಂಡಿ, ಬೀದಿದೀಪ, ಉಣ್ಣೆ ಗಿರಣಿ ಕೆಡವಿದ ಜಾಗದಲ್ಲಿ
ಕಾರು ನಿಲ್ಲಿಸಲು ಗಂಟೆಗೆ ಎಷ್ಟು ಪೆನ್ಸು,
ಎಲ್ಲಕ್ಕೂ ಒಂದೊಂದು ಸಾಲು.
ಏನು ತೀರ್ಮಾನವಾಯಿತೋ ಅದನ್ನು ಬರೆ,
ಯಾರು ಅತ್ತರೋ ಅದನ್ನಲ್ಲ:
ಸೇರಿದ ದಿನ ಕಲಿಸಿಕೊಟ್ಟ ಒಂದೇ ವ್ಯಾಕರಣ.

ಗುರುವಾರ, ನವೆಂಬರ್, ಸಂಜೆ ಏಳು.
ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ.
ವಿಷಯ ನಾಲ್ಕು: ಇಸ್ಲಾಮೋಫೋಬಿಯಾ ಎಂದರೆ
ಮತ್ತು ಅದರ ಮುಂದೆ ಮೂರು ಸಾಲು.
ಎಲ್ಲೋ ದೂರದಲ್ಲಿ ಯಾರೋ ಹೊಲಿದು ಕಳಿಸಿದ ಅಂಗಿ,
ನಮ್ಮೂರ ಮೈಗೆ ಹಿಡಿಯುತ್ತದೋ ನೋಡಬೇಕಿತ್ತು.

ಜುಲೇಖಾ ಪಾಂಡೋರ್ ಎದ್ದಳು, ಹಲ್ಲಿನ ದವಾಖಾನೆಯವಳು,
ನನ್ನ ದವಡೆ ಕಿತ್ತಾಗ ಕೈ ಹಿಡಿದಿದ್ದವಳು.
ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಯಾರೋ
ತಲೆವಸ್ತ್ರ ಎಳೆದರಂತೆ. ಗುಂಡುಪಿನ್ನು
ಕಿವಿಯ ಬುಡದಿಂದ ಕೊರಳ ತನಕ ಗೀರಿತಂತೆ.
"ಬರೆದುಕೊಂಡವನು 'ಸಣ್ಣ ತಳ್ಳಾಟ' ಎಂದು ಬರೆದ.
ತಳ್ಳಿದ್ದರೆ ಬಿದ್ದು ಏಳುತ್ತಿದ್ದೆ."

ಕ್ಲಿಫರ್ಡ್ ಸಗ್ಡನ್ ಟೋಪಿ ಹಿಂಡುತ್ತ ನಿಂತ.
"ಆ ದಿನ ಆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮಗಳಿದ್ದಳು.
ಚಾಕು ಹಿಡಿದವನು ದೇವರ ಹೆಸರು ಕೂಗಿದ, ನಾನಲ್ಲ.
ಬದುಕಿದಳು. ಈಗಲೂ ಚಮಚ ಬಿದ್ದರೆ
ಮೇಜಿನ ಕೆಳಗೆ ಹೋಗುತ್ತಾಳೆ.
ಅವಳ ದಿಗಿಲಿಗೂ ಇದೇ ಹೆಸರು ಇಡುತ್ತೀರೋ?"

ಕೊನೆಯ ಬೆಂಚಿನಿಂದ ಸಫೀರ್, ಟ್ಯಾಕ್ಸಿಯವನ ಮಗ:
"ನಮಾಜು ಬಿಟ್ಟೆ. ಚಿಕ್ಕಪ್ಪ ಮಾತು ಬಿಟ್ಟರು.
ಪ್ರಶ್ನೆ ಕೇಳುವ ನನಗೂ ಇದೇ ಬೈಗುಳವೋ?
ಆದರೂ... ಹೋದ ಶನಿವಾರ ಮುಖಕ್ಕೆ ಬಿದ್ದ ಉಗುಳು
ನಿನಗೆ ನಂಬಿಕೆ ಉಂಟೋ ಎಂದು ಕೇಳಿ ಬೀಳಲಿಲ್ಲ."

ವಕೀಲರು ಕನ್ನಡಕ ಒರೆಸಿಕೊಂಡರು:
ಮತವನ್ನು ಟೀಕಿಸಬಹುದು, ಮತಸ್ಥರನ್ನು ಅಲ್ಲ.
ಎರಡರ ನಡುವೆ ಒಂದು ಅಲ್ಪವಿರಾಮ,
ಅದು ಮೊದಲೋ, ಆಮೇಲೋ?
ನಲವತ್ತು ನಿಮಿಷ.
ಮತಕ್ಕೆ ಹಾಕೋಣ ಎಂದರು ಅಧ್ಯಕ್ಷರು, ಬೆವರುತ್ತ.

ಆಗಲೇ ಜವಾನ ಕೇಳಿದ್ದು, ಮೆಲ್ಲಗೆ:
"ಮೂರನೇ ಸಾಲಿನ ಕೆಳಗಿರುವ ಚೀಲ ಯಾರದು?"

ಯಾರೂ ಕಿರುಚಲಿಲ್ಲ. ಕುರ್ಚಿಗಳು ಮಾತ್ರ
ತಾವಾಗಿಯೇ ಹಿಂದೆ ಸರಿದಂತಾಯಿತು.
ಕ್ಲಿಫರ್ಡ್ ಬಾಗಿಲು ಹುಡುಕಿದ.
ಜುಲೇಖಾಳೂ ಹುಡುಕಿದಳು. ಒಬ್ಬನಿಗೆ
ಅದು ಸಿಡಿದೀತೆಂದು. ಇನ್ನೊಬ್ಬಳಿಗೆ
ಸಿಡಿದರೂ ಸಿಡಿಯದಿದ್ದರೂ
ಅದು ತನ್ನದಾದೀತೆಂದು.
ಸಫೀರ್ ಎರಡೂ ಅಂಗೈಗಳನ್ನು ಎಲ್ಲರಿಗೂ ಕಾಣುವಂತೆ
ಮೊಣಕಾಲ ಮೇಲಿಟ್ಟು ಕೂತ.
ಯಾರು ಕಲಿಸಿದರೋ ಅವನಿಗೆ ಹಾಗೆ ಕೂರಲು.

ಹಸಿರು ಬಟ್ಟೆ, ಮರದ ಹಿಡಿ, ಒಂದು ಕಡೆ ಹೊಲಿಗೆ ಬಿಟ್ಟಿದೆ.
ಮೊಮ್ಮಗುವಿಗೆಂದು ಹೆಣೆಯುತ್ತಿದ್ದ ಸ್ವೆಟರು,
ಒಂದು ತೋಳು ಬಾಕಿ, ಒಳಗೆ.
ನನ್ನದು. ಬಿಸಿಗಾಳಿಯ ಹತ್ತಿರ ಕೂರಲು
ಜಾಗ ಬದಲಿಸಿದಾಗ ಮರೆತದ್ದು.

ನನ್ನದು ಎನ್ನಲು ಎಷ್ಟು ಹೊತ್ತು ಬೇಕಾಯಿತು?
ಗೋಡೆ ಗಡಿಯಾರದ ಮುಳ್ಳು ಎಂಟರಿಂದ ಹತ್ತಕ್ಕೆ ಹೋಗುವಷ್ಟು.
ಅಷ್ಟರಲ್ಲಿ ನಾನೂ ನೋಡಿದ್ದೆ.
ಚೀಲವನ್ನಲ್ಲ.
ಎಲ್ಲರೂ ನೋಡಿದ ಕಡೆಗೇ, ಎಲ್ಲರಂತೆಯೇ,
ನನ್ನ ಕೈ ಹಿಡಿದಿದ್ದ ಆ ಕೈಯ ಕಡೆಗೆ.
ಅವಳು ನನ್ನನ್ನು ಕಂಡಳು.

ಆಮೇಲೆ ನಕ್ಕರು ಎಲ್ಲರೂ, ಬೇಕಾದ್ದಕ್ಕಿಂತ ಜೋರಾಗಿ.
ಜವಾನ ಚೀಲ ತಂದುಕೊಟ್ಟ.
ಜುಲೇಖಾ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ,
ಹೊರಡುವಾಗ ಕೇಳಿದಳು: "ಹಲ್ಲು ಈಗ ಹೇಗಿದೆ?"

ರಾತ್ರಿ ಮನೆಯಲ್ಲಿ ನಡಾವಳಿ ಬರೆಯಲು ಕೂತೆ.
ವಿಷಯ ನಾಲ್ಕು: ಚರ್ಚಿಸಿ ಮುಂದೂಡಲಾಯಿತು.
ಅದರ ಕೆಳಗೆ ಇನ್ನೊಂದು ಸಾಲು ಬರೆದೆ,
ಚೀಲದ ಬಗ್ಗೆ. ಅಳಿಸಿದೆ. ಮತ್ತೆ ಬರೆದೆ.
ತೀರ್ಮಾನವೇನೂ ಅಲ್ಲವಲ್ಲ ಅದು.
ಸ್ವೆಟರಿನ ತೋಳು ಹಾಗೇ ಇದೆ.
ಪರದೆಯ ಮೇಲೆ, ಎಂದರೆ ಎಂಬಲ್ಲಿ,
ಸಣ್ಣ ಗೆರೆಯೊಂದು ಮಿನುಗುತ್ತಿದೆ
ಗುಂಡುಪಿನ್ನಿನ ಹಾಗೆ.